ಎಡಗಡೆಯ ಬೆಳ್ಳಿ

ಫುಟ್‌ಬಾಲ್ ಹನ್ನೊಂದು ಜನರ ಆಟ ಎನ್ನುವವರು ಒಂದು ದಿನವಾದರೂ ಗೋಲಿನ ಮುಂದೆ ನಿಂತು ನೋಡಬೇಕು. ಹತ್ತು ಜನ ಒಟ್ಟಾಗಿ ಓಡುತ್ತಾರೆ, ಒಬ್ಬರನ್ನೊಬ್ಬರು ಕೂಗುತ್ತಾರೆ, ಬೈಯುತ್ತಾರೆ, ಗೋಲಾದರೆ ತಬ್ಬಿಕೊಳ್ಳುತ್ತಾರೆ. ಹನ್ನೊಂದನೆಯವನು ಇದನ್ನೆಲ್ಲ ದೂರದಿಂದ ನೋಡುತ್ತ ನಿಂತಿರುತ್ತಾನೆ. ತಾನೂ ತಬ್ಬಿಕೊಳ್ಳೋಣವೆಂದು ಅಲ್ಲಿಯವರೆಗೆ ಓಡಿ ಹೋಗುವಷ್ಟರಲ್ಲಿ ಸಂಭ್ರಮ ಮುಗಿದು ಎಲ್ಲರೂ ತಂತಮ್ಮ ಜಾಗಕ್ಕೆ ಮರಳುತ್ತಿರುತ್ತಾರೆ.

ವಡಾಲದ ಗೋದಾಮಿನ ಟೀಮಿನಲ್ಲಿ ಆ ಹನ್ನೊಂದನೆಯವನು ಶಂಕ್ರೆಪ್ಪ. ಬೈಲಹೊಂಗಲದ ಕಡೆಯವನು. ಹಗಲು ಅವನದು ಗೋದಾಮಿನ ಗೇಟಿನಲ್ಲಿ ನಿಂತು ಬಂದರಿನಿಂದ ಬರುವ ಲಾರಿಗಳನ್ನು ಒಳಗೆ ಬಿಡುವ ಕೆಲಸ. ಅಲ್ಲಿ ಅವನು ಬರೀ ಗೇಟ್‌ವಾಲಾ. ಚಾಳಿನ ಖೋಲಿಯಲ್ಲಿ ಪಾಳಿಯ ಮೇಲೆ ದುಡಿಯುವ ಮಂದಿ ಇದ್ದರು. ಇವನು ಹಾಸಿಗೆ ಸುತ್ತಿಡುವ ಹೊತ್ತಿಗೆ ಅವರು ಬಂದು ಮಲಗುತ್ತಿದ್ದರು, ಇವನು ಬರುವ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಒಂದೇ ಖೋಲಿಯಲ್ಲಿದ್ದೂ ಅವರ ಮುಖ ಇವನಿಗೆ ನಿದ್ದೆ ಹೋದ ಮುಖವಾಗಿಯೇ ಪರಿಚಯ. ಇಡೀ ಮುಂಬಯಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಟೀಮಿನ ಹತ್ತು ಜನ ಮಾತ್ರ. ಅದೂ "ಶಂಕರ್, ಶಂಕರ್" ಎಂದು, ಅದೂ ಚೆಂಡು ಅವನ ಕೈಯಲ್ಲಿದ್ದಾಗ. ಹೆಸರು ಅರ್ಧವಾದರೇನು, ಅವನಿಗೆ ಅಷ್ಟು ಸಾಕಾಗಿತ್ತು.

ಆ ಅರ್ಧ ಹೆಸರೂ ಈಗ ಕೈಬಿಟ್ಟು ಹೋಗುವ ಹಾಗಿತ್ತು. ಕಾರಣ ಪೆನಾಲ್ಟಿ.

ಆಟ ನಡೆಯುವಾಗ ಶಂಕ್ರೆಪ್ಪ ಒಳ್ಳೆಯ ಗೋಲ್‌ಕೀಪರನೇ. ಗರಡಿಯಲ್ಲಿ ಬೆಳೆದ ಮೈ, ಮೊರದಗಲದ ಅಂಗೈ. ಎಂಥ ಗುಂಪಿನ ನಡುವೆಯೂ ಹಾರಿ ಚೆಂಡನ್ನು ಕಿತ್ತುಕೊಳ್ಳುತ್ತಿದ್ದ. ಆದರೆ ಪೆನಾಲ್ಟಿ ಬಂತೆಂದರೆ ಅವನ ಎಡಗಡೆ ಸತ್ತೇ ಹೋಗುತ್ತಿತ್ತು. ಬಲಕ್ಕೆ ಒದ್ದರೆ ಚಿರತೆ, ಎಡಕ್ಕೆ ಒದ್ದರೆ ಕಲ್ಲುಕಂಬ. ಎದುರಾಳಿ ಒದೆಯುವವರೆಗೆ ಗೋಲ್‌ಕೀಪರ್ ಗೆರೆಯ ಮೇಲೆ ಪಾದ ಅಲುಗಿಸದೆ ನಿಂತಿರಬೇಕು ಎಂಬುದು ಆಗಿನ ನಿಯಮ. ಶಂಕ್ರೆಪ್ಪ ಒದ್ದ ಮೇಲೂ ಆ ನಿಯಮವನ್ನು ಪಾಲಿಸುತ್ತಾನೆ ಎಂದು ಬೇರೆ ಟೀಮಿನವರು ನಗುತ್ತಿದ್ದರು. ಹೋದ ವರ್ಷದ ಶೀಲ್ಡಿನ ಫೈನಲ್ ಹಾಗೆಯೇ ಹೋಯಿತು. ಈ ವರ್ಷವೂ ಒಂದು ಪಂದ್ಯ ಹಾಗೆಯೇ ಹೋಗಿ, ಟೀಮು ತಿಣುಕಾಡಿಕೊಂಡು ಮತ್ತೆ ಫೈನಲ್ ಮುಟ್ಟಿತ್ತು.

ಕ್ಯಾಪ್ಟನ್ ಸಾವಂತ ಕೆಟ್ಟವನಲ್ಲ. ಅವನು ಶಂಕ್ರೆಪ್ಪನನ್ನು ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ, ಬೀಡಿ ಹಚ್ಚಿ, ತನಗೆ ತಿಳಿದ ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಮುಂದಿನ ಸೀಜನ್ನಿಗೆ ಕಲ್ಯಾಣದಿಂದ ಒಬ್ಬ ಹೊಸ ಹುಡುಗ ಬರುತ್ತಾನೆ, ಗೋಲಿಗೆ ನಿಲ್ಲುವವನು. ಫೈನಲ್ ಗೆದ್ದರೆ ತಾನು ಶಂಕರನ ಪರ ವಾದ ಮಾಡಬಹುದು. ಮತ್ತೆ ಎಡಗಡೆ ಗೋಲು ಬಿಟ್ಟರೆ ವಾದಿಸಲು ಬಾಯಿ ಇರುವುದಿಲ್ಲ. ಗೇಟಿನ ಕೆಲಸಕ್ಕೇನೂ ತೊಂದರೆಯಿಲ್ಲ ಎಂದು ಸಮಾಧಾನಕ್ಕೆ ಸೇರಿಸಿದ. ಶಂಕ್ರೆಪ್ಪನಿಗೆ ಚುಚ್ಚಿದ್ದು ಆ ಸಮಾಧಾನದ ಮಾತೇ. ಟೀಮು ಹೋದರೆ ಇನ್ನು ಗೇಟು ಮತ್ತು ಖೋಲಿ, ಖೋಲಿ ಮತ್ತು ಗೇಟು. ಹಾಗೆ ಬದುಕುವವರು ಆ ಊರಿನಲ್ಲಿ ಲಕ್ಷಗಟ್ಟಲೆ ಇದ್ದರು, ನಿಜ. ಅವನಿಗೆ ಅದು ಭಯವಾಯಿತು.

ಅಂದಿನಿಂದ ಅವನು ಒಬ್ಬನೇ ಅಭ್ಯಾಸಕ್ಕೆ ನಿಂತ. ಮಧ್ಯಾಹ್ನದ ಬಿಡುವಿನಲ್ಲಿ ಗೋದಾಮಿನ ಹಿಂದಿನ ಬಯಲಿಗೆ ಹೋಗಿ ಗೋಡೆಗೆ ಚೆಂಡು ಎಸೆಯುವುದು, ಅದು ಮರಳಿ ಬಂದಾಗ ಎಡಕ್ಕೆ ಹಾರುವುದು. ಗೋಡೆಯ ಜೊತೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಗೋಡೆ ಕಪಟವಿಲ್ಲದ ಪ್ರಾಣಿ. ತಾನೇ ಎಸೆದ ಚೆಂಡು ಎಲ್ಲಿಗೆ ಬರುತ್ತದೆಂದು ತನಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಪೆನಾಲ್ಟಿ ಕಲಿಯಲು ಎದುರಿಗೆ ಒಬ್ಬ ಮನುಷ್ಯ ಬೇಕು. ಟೀಮಿನವರನ್ನು ಕೇಳಲು ಅವನಿಗೆ ನಾಚಿಕೆ. ಮನೆಗೆ ಬಂದವರಿಗೆ ನೀರು ಕೊಟ್ಟು ಗೊತ್ತೇ ಹೊರತು ಇನ್ನೊಬ್ಬರ ಮನೆಯಲ್ಲಿ ನೀರು ಕೇಳಿ ಗೊತ್ತಿಲ್ಲದ ಜಾತಿಯ ಮನುಷ್ಯ ಅವನು.

ಆ ಮನುಷ್ಯ ಕೇಳದೆಯೇ ಸಿಕ್ಕಿದ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಶಂಕ್ರೆಪ್ಪ ಕಂಕುಳಲ್ಲಿ ಚೆಂಡು ಇಟ್ಟುಕೊಂಡು ಇಡ್ಲಿ ತಿನ್ನುತ್ತಿದ್ದಾಗ, ಬಡಿಸುವವನು ಸಾಂಬಾರಿನ ಬಕೆಟ್ ಹಿಡಿದುಕೊಂಡೇ ಆ ಚೆಂಡನ್ನು ನೋಡುತ್ತ ನಿಂತುಬಿಟ್ಟ. ಪಕ್ಕದ ಮೇಜಿನವರು "ಏಯ್ ಮಾಣಿ" ಎಂದು ಕೂಗಿದ್ದೂ ಅವನಿಗೆ ಕೇಳಿಸಲಿಲ್ಲ. ಮಾಣಿ ಎನ್ನಿಸಿಕೊಳ್ಳುವ ವಯಸ್ಸು ಅವನಿಗೆ ಎಂದೋ ದಾಟಿತ್ತು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಬಿಲ್ಲು ಇಡುವಾಗ ಅವನು, ಊರಲ್ಲಿ ತಾನೂ ಆಡುತ್ತಿದ್ದೆ, ಬರಿಗಾಲಿನಲ್ಲಿ, ಎಂದು ಹೇಳಿದ. ಶಂಕ್ರೆಪ್ಪ ಹೆಸರು ಕೇಳಿದ. ಆತ ಸ್ವಲ್ಪ ತಡೆದು, ಬಹಳ ದಿನಗಳಿಂದ ಬಳಸದ ವಸ್ತುವನ್ನು ಹುಡುಕಿ ತೆಗೆದವನಂತೆ, ಕೊರಗಪ್ಪ ಎಂದ.

ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆಯ ಕಾಫಿ ಶುರುವಾಗುವ ನಡುವೆ ಹೋಟೆಲಿನವರಿಗೆ ಒಂದಿಷ್ಟು ಬಿಡುವು. ಉಳಿದವರು ಮೇಜಿನ ಮೇಲೆ ಮೈಚಾಚಿ ನಿದ್ದೆ ಮಾಡುವ ಆ ಹೊತ್ತಿನಲ್ಲಿ ಕೊರಗಪ್ಪ ಮಾಟುಂಗಾದಿಂದ ವಡಾಲಕ್ಕೆ ನಡೆದು ಬರತೊಡಗಿದ. ಶಂಕ್ರೆಪ್ಪನ ಮಧ್ಯಾಹ್ನದ ಬಿಡುವೂ ಅದಕ್ಕೆ ಹೊಂದಿಕೊಂಡಿತು. ಇಬ್ಬರೂ ಎರಡು ಕಲ್ಲು ಇಟ್ಟು ಗೋಲು ಮಾಡಿಕೊಂಡರು. ಕೊರಗಪ್ಪ ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಬರಿಗಾಲಿನಲ್ಲೇ, ಸದ್ದಿಲ್ಲದೆ ಓಡಿ ಬಂದು ಒದೆಯುತ್ತಿದ್ದ. ತನಗೆ ಮಂಡಿ ನೋವಿದೆ ಎಂದು ಅವನು ಹೇಳಿದ್ದರೂ ನಂಬುವ ಹಾಗಿರಲಿಲ್ಲ. ಒದೆಯುವುದು, ತರುವುದು, ಮತ್ತೆ ಒದೆಯುವುದು. ಮಾತು ಬಹಳ ಕಡಿಮೆ. ಹೋಗುವಾಗ ನಾಳೆ ಬರುತ್ತೇನೆ ಎಂದೂ ಹೇಳುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಬಯಲಿನ ಆಚೆ ಆ ಬಿಳಿ ಪಂಚೆ ಕಾಣುವವರೆಗೆ ಶಂಕ್ರೆಪ್ಪನ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಬಲಕ್ಕೆ ಒದ್ದದ್ದನ್ನೆಲ್ಲ ಶಂಕ್ರೆಪ್ಪ ಹಿಡಿಯುತ್ತಿದ್ದ. ಎಡಕ್ಕೆ ಒದ್ದದ್ದೆಲ್ಲ ಕಲ್ಲಿನ ಪಕ್ಕದಿಂದ ಉರುಳಿ ಹೋಗುತ್ತಿತ್ತು. ಕೆಲವು ದಿನ ಕೊರಗಪ್ಪ ಸುಮ್ಮನೆ ನೋಡಿದ. ಒಂದು ದಿನ ಚೆಂಡನ್ನು ಕಾಲಿನಡಿ ಒತ್ತಿ ಹಿಡಿದು ನಿಂತ.

"ನಿಮ್ಮ ಕೈ ಮೊದಲು ಪಕ್ಕೆಗೆ ಹೋಗ್ತದೆ ಮಾರಾಯ್ರೆ, ಆಮೇಲೆ ಚೆಂಡಿಗೆ. ಅಲ್ಲಿ ಎಂತ ಉಂಟು?"

ಶಂಕ್ರೆಪ್ಪ ಏನೂ ಇಲ್ಲ ಎಂದ. ಆಮೇಲೆ ತನ್ನ ಎಡಗೈಯನ್ನು ನೋಡಿಕೊಂಡ. ಅದು ಆಗಲೂ ಎಡಪಕ್ಕೆಯ ಮೇಲೇ ಇತ್ತು. ಅಂಗಿ ಎತ್ತಿ ತೋರಿಸಿದ. ಹೆಗಲಿನಿಂದ ಅಡ್ಡವಾಗಿ ಇಳಿದ ದಾರದಲ್ಲಿ, ಎಡ ಕಂಕುಳ ಕೆಳಗೆ, ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಒಳಗೆ ಅವನ ಲಿಂಗ. ಅವನ ಮನೆತನದವರೆಲ್ಲ ಹಾಗೆಯೇ ಧರಿಸುವವರು. ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವಾಗ ಹೇಳಿಕೊಳ್ಳುವ ಎರಡು ಮಾತು ಬಿಟ್ಟರೆ ಅವನು ಕನ್ನಡ ಆಡುವುದಕ್ಕೆ ಆ ಖೋಲಿಯಲ್ಲಿ ಬೇರೆ ಸಂದರ್ಭವೇ ಇರಲಿಲ್ಲ.

ಕರಡಿಗೆಯ ಅಂಚಿನಲ್ಲಿ ಒಂದು ಸಣ್ಣ ನೆಗ್ಗು ಇತ್ತು. ಕೊರಗಪ್ಪ ಮುಟ್ಟಲಿಲ್ಲ, ಬಗ್ಗಿ ನೋಡಿದ. ಅದು ಹೇಗಾಯಿತೆಂದು ಕೇಳಿದ. ಒಂದು ಪಂದ್ಯದಲ್ಲಿ ಎಡಕ್ಕೆ ಬಿದ್ದಾಗ ಆಯಿತು ಎನ್ನುತ್ತಿದ್ದಂತೆ ಶಂಕ್ರೆಪ್ಪನ ಮಾತು ನಿಂತಿತು. ಅವನಿಗೂ ಆಗಲೇ ಹೊಳೆದದ್ದು. ಅದಾದ ಮೇಲೆ ಪೆನಾಲ್ಟಿಗೆ ತಾನು ಎಡಕ್ಕೆ ಹಾರಿಯೇ ಇಲ್ಲ. ಆಟದ ಭರದಲ್ಲಿ ಯೋಚನೆಗೆ ಪುರಸೊತ್ತಿಲ್ಲದಾಗ ಹೇಗೋ ನಡೆದುಹೋಗುತ್ತಿತ್ತು. ಪೆನಾಲ್ಟಿಯಲ್ಲಿ ನಿಂತು ಕಾಯಬೇಕು. ಕಾಯುವಾಗ ಮೈ ತನ್ನಷ್ಟಕ್ಕೆ ತೀರ್ಮಾನ ಮಾಡಿಬಿಡುತ್ತಿತ್ತು.

"ನನ್ನ ಹೇಣ್ತಿ ಕಾಲಾಗಿನ ಬೆಳ್ಳಿರಿ ಇದು," ಎಂದ ಶಂಕ್ರೆಪ್ಪ.

ಮುಂದಿನದನ್ನು ಅವನು ನೆಲ ನೋಡುತ್ತ ಹೇಳಿದ. ಚನ್ನವ್ವ ಮೊದಲ ಹೆರಿಗೆಗೆಂದು ತವರಿಗೆ ಹೋದವಳು ಮರಳಿ ಬರಲಿಲ್ಲ, ಕೂಸೂ ಉಳಿಯಲಿಲ್ಲ. ತಾರು ಮುಟ್ಟಿ ಇವನು ಊರು ಸೇರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅತ್ತೆ ಮಗಳ ಪೈಜಣಗಳನ್ನು ಬಟ್ಟೆಯಲ್ಲಿ ಸುತ್ತಿ ಅಳಿಯನ ಕೈಗೆ ಕೊಟ್ಟಳು. ಗಂಡಸು ಪೈಜಣ ಇಟ್ಟುಕೊಂಡು ಏನು ಮಾಡಬೇಕು? ಬೈಲಹೊಂಗಲದ ಅಕ್ಕಸಾಲಿಗನ ಹತ್ತಿರ ಕೂತು, ಕಣ್ಣೆದುರೇ ಕರಗಿಸಿ, ಕರಡಿಗೆ ಮಾಡಿಸಿಕೊಂಡು ಮುಂಬಯಿಗೆ ಮರಳಿದ. ಅಂದಿನಿಂದ ಅದು ಮೈ ಬಿಟ್ಟಿಲ್ಲ. ನೆಗ್ಗಿದ ದಿನ ಅವಳ ಕಾಲನ್ನೇ ತುಳಿದ ಹಾಗೆ ಆಗಿತ್ತು ಎಂದ.

ಕೊರಗಪ್ಪ ಅವತ್ತು ಮತ್ತೆ ಚೆಂಡು ಒದೆಯಲಿಲ್ಲ. ಇಬ್ಬರೂ ಕಲ್ಲುಗಳ ಮೇಲೆ ಕೂತು, ಹಾರ್ಬರ್ ಲೈನಿನ ಲೋಕಲ್ ಹೋಗುವುದನ್ನು ನೋಡಿದರು.

ಕಾಯಿಲೆ ಗೊತ್ತಾದ ಮೇಲೆ ಮದ್ದು ಹುಡುಕಿದರು. ಕರಡಿಗೆಯನ್ನು ಹಳೆಯ ಪಂಚೆಯ ಚೂರಿನಿಂದ ಬಿಗಿಯಾಗಿ ಸುತ್ತಿ ನೋಡಿದರು. ಮೈ ಮೋಸ ಹೋಗಲಿಲ್ಲ. ದಾರವನ್ನು ತಿರುಗಿಸಿ ಬಲಗಡೆಗೆ ಕಟ್ಟಿ ನೋಡಿದರು. ಶಂಕ್ರೆಪ್ಪ ಎಡಕ್ಕೆ ಸೊಗಸಾಗಿ ಹಾರಿದ, ಆದರೆ ಬಲಗಡೆ ಸತ್ತುಹೋಯಿತು. ಕೊರಗಪ್ಪ ನಕ್ಕ. ಶಂಕ್ರೆಪ್ಪನಿಗೂ ನಗು ಬಂತು. ಮುಂಬಯಿಯಲ್ಲಿ ಇನ್ನೊಬ್ಬರ ಜೊತೆ ನಕ್ಕು ಎಷ್ಟು ಕಾಲವಾಗಿತ್ತೆಂದು ಅವನಿಗೆ ಆಮೇಲೆ ನೆನಪಿಸಿಕೊಂಡರೂ ತಿಳಿಯಲಿಲ್ಲ.

ಲಿಂಗದ ಮಾತು ಸುಲಭವಾಗಿಯೇ ಬಗೆಹರಿಯಿತು. ಅದು ಮೈ ಬಿಡುವಂತಿಲ್ಲ, ಆದರೆ ಪಕ್ಕೆಯ ಬದಲು ತಲೆಯ ಮೇಲೆ ಧರಿಸಬಹುದು. ಊರಿನ ಹಿರಿಯರು ಕೆಲವರು ರುಮಾಲಿನಲ್ಲಿ ಕಟ್ಟಿಕೊಳ್ಳುತ್ತಿದ್ದುದನ್ನು ಶಂಕ್ರೆಪ್ಪ ಕಂಡಿದ್ದ. ಅವನು ಲಿಂಗವನ್ನು ಮೆತ್ತನೆಯ ಅರಿವೆಯಲ್ಲಿ ಸುತ್ತಿ, ತಲೆಗೆ ಬಿಗಿದು, ಮೇಲೆ ಗೋಲ್‌ಕೀಪರನ ಕ್ಯಾಪು ಹಾಕಿದ. ಶಿವನಿಗೆ ಎಲ್ಲಿಯಾದರೂ ಜಾಗವಿದೆ. ಜಾಗವಿಲ್ಲದೆ ಉಳಿದದ್ದು ಖಾಲಿ ಕರಡಿಗೆ.

ಅದನ್ನು ಟ್ರಂಕಿನಲ್ಲಿ ಇಟ್ಟು ಬರಬಹುದಿತ್ತು. ಇಟ್ಟೂ ನೋಡಿದ. ಚಾಳಿನ ಮೆಟ್ಟಿಲು ಇಳಿಯುವುದರೊಳಗೆ, ಚನ್ನವ್ವನನ್ನು ಕತ್ತಲೆಯಲ್ಲಿ ಒಬ್ಬಳನ್ನೇ ಕೂರಿಸಿ ಬಾಗಿಲು ಹಾಕಿಕೊಂಡು ಬಂದಂತೆನಿಸಿ, ಮರಳಿ ಹತ್ತಿ ಹೋಗಿ ತೆಗೆದುಕೊಂಡ. ಬಯಲಿನಲ್ಲಿ ಕಲ್ಲಿನ ಹಿಂದೆ ಅಂಗಿಯ ಮೇಲೆ ಇಟ್ಟು ನೋಡಿದ. ಚೆಂಡಿಗಿಂತ ಹೆಚ್ಚು ಬಾರಿ ಹಿಂದಕ್ಕೇ ತಿರುಗಿ ನೋಡಿದ. ಯಾರ ಕೈಯಲ್ಲಾದರೂ ಕೊಡಬೇಕು. ಆ ಮಹಾನಗರದಲ್ಲಿ ಒಂದು ತಾಸು ಒಂದು ಚೂರು ಬೆಳ್ಳಿ ಹಿಡಿದುಕೊಂಡು ಕೂರುವ ಒಬ್ಬ ಮನುಷ್ಯ ತನಗಿಲ್ಲವಲ್ಲ ಎಂದು ಅವನಿಗೆ ದುಃಖ ಉಕ್ಕಿ ಬಂತು. ಎದುರಿಗೆ ಕೊರಗಪ್ಪ ನಿಂತಿದ್ದ. ಅವನು ತಾನಾಗಿ ಹಿಡಿದುಕೊಳ್ಳುತ್ತೇನೆ ಎಂದು ಹೇಳುವವನಲ್ಲ, ಇವನು ತಾನಾಗಿ ಕೇಳುವವನಲ್ಲ. ಇಬ್ಬರೂ ಬಹಳ ಹೊತ್ತು ಚೆಂಡಿನ ಗಾಳಿ ನೋಡುವ ನೆಪದಲ್ಲಿ ನಿಂತರು. ಕೊನೆಗೆ ಶಂಕ್ರೆಪ್ಪನ ಬಾಯಿಂದ ಮಾತು ಹೊರಟಿತು.

"ಕೊರಗಪ್ಪಣ್ಣಾ, ಒಂದೀಟು ಹೊತ್ತು ಇದನ್ನ ಹಿಡಕೋತೀರೇನ್ರಿ?"

"ನಾನು ಎಂಜಲೆಲೆ ತೆಗೆಯುವವ ಮಾರಾಯ್ರೆ," ಎಂದ ಕೊರಗಪ್ಪ. "ಈ ಕೈ ಆಗ್ತದಾ?"

"ಹಿಡೀರಿ," ಎಂದ ಶಂಕ್ರೆಪ್ಪ.

ಕೊರಗಪ್ಪ ಗೋದಾಮಿನ ನಲ್ಲಿಯವರೆಗೆ ಹೋಗಿ ಕೈ ತೊಳೆದು, ಪಂಚೆಯ ಒಳ ಅಂಚಿಗೆ ಒರೆಸಿಕೊಂಡು ಬಂದು, ಎರಡೂ ಅಂಗೈ ಜೋಡಿಸಿ ಒಡ್ಡಿದ.

ಅಂದು ಅವನು ಕರಡಿಗೆಯನ್ನು ಎದೆಗೆ ಒತ್ತಿಕೊಂಡೇ ಚೆಂಡು ಒದ್ದ. ಕೈ ಅಲುಗಬಾರದೆಂದು ಓಡಿ ಬರದೆ ನಿಂತಲ್ಲಿಂದಲೇ ಒದೆಯುತ್ತಿದ್ದುದರಿಂದ ಚೆಂಡಿನಲ್ಲಿ ಕಸುವೇ ಇರಲಿಲ್ಲ. ಹಸುಗೂಸು ಕೂಡ ಹಿಡಿಯಬಹುದಿತ್ತು. ಆದರೆ ಶಂಕ್ರೆಪ್ಪ ಎಡಕ್ಕೆ ಬಿದ್ದ. ಮೈಯೆಲ್ಲ ಮಣ್ಣು ಮಾಡಿಕೊಂಡು ಮತ್ತೆ ಮತ್ತೆ ಎಡಕ್ಕೆ ಬಿದ್ದ. ಬಿದ್ದಾಗಲೊಮ್ಮೆ ಕೊರಗಪ್ಪನ ಕೈ ನೋಡುತ್ತಿದ್ದ. ಕೆಲವು ದಿನಗಳಲ್ಲಿ ನೋಡುವುದನ್ನು ಬಿಟ್ಟ. ಕೊರಗಪ್ಪನೂ ಒಂದೇ ಕೈಯಲ್ಲಿ ಭದ್ರವಾಗಿ ಹಿಡಿದು ಓಡಿ ಬರುವುದನ್ನು ಕಲಿತ.

ಫೈನಲ್ ಬಾಂದ್ರಾದ ಮೈದಾನದಲ್ಲಿ, ಭಾನುವಾರ ಸಂಜೆ, ಕಾಂದಿವಲಿಯ ಒಂದು ಕಾರ್ಖಾನೆಯ ಟೀಮಿನ ಮೇಲೆ. ಭಾನುವಾರ ಸಂಜೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಯಜಮಾನರನ್ನು ಕೇಳಿ ನೋಡುತ್ತೇನೆ ಎಂದು ಕೊರಗಪ್ಪ ಹೇಳಿದ್ದ. ನೋಡುತ್ತೇನೆ ಎಂದರೆ ಇಲ್ಲ ಎಂದೇ ಅರ್ಥ ಎಂಬುದು ಮುಂಬಯಿಗೆ ಬಂದ ಯಾರಿಗಾದರೂ ಮೊದಲ ವಾರವೇ ತಿಳಿಯುತ್ತದೆ. ಆದರೂ ಶಂಕ್ರೆಪ್ಪ ಲೋಕಲ್ ಇಳಿದವನು ಸ್ಟೇಶನ್ನಿನ ಹೊರಗೆ ಸಾವಂತ ಬೈಯುವವರೆಗೂ ಕಾದು ನಿಂತ. ಆಟ ಶುರುವಾದಾಗ ಲಿಂಗ ಅವನ ತಲೆಯ ಮೇಲಿತ್ತು, ಖಾಲಿ ಕರಡಿಗೆ ಎಡಪಕ್ಕೆಯಲ್ಲೇ ಇತ್ತು. ಟೀಮಿನ ಹತ್ತು ಜನರಲ್ಲಿ ಯಾರಾದರೂ ಗೆಳೆಯನ ಕೈಯಲ್ಲಿ ಕೊಡೋಣವೆಂದರೆ, ಅವರೆಲ್ಲ ಆಡುತ್ತಿದ್ದರು.

ಮೊದಲರ್ಧದಲ್ಲಿ ಅವರ ಟೀಮು ಒಂದು ಗೋಲು ಹಾಕಿತು. ಅವರು ಅಲ್ಲಿ ಕುಣಿದರು, ಇವನು ಇಲ್ಲಿಂದ ನೋಡಿದ. ಮೈದಾನದ ಅಂಚಿನ ಗುಂಪಿನಲ್ಲಿ ಬಿಳಿ ಪಂಚೆ ಕಂಡಾಗಲೆಲ್ಲ ಎದೆ ಹಾರಿತು. ಎಲ್ಲರೂ ಬೇರೆ ಯಾರೋ ಆಗಿದ್ದರು.

ವಿರಾಮದ ಹೊತ್ತಿಗೆ ಕೊರಗಪ್ಪ ಬಂದ. ಹೋಟೆಲಿನ ಅಂಗಿಯಲ್ಲೇ, ಹೆಗಲ ಮೇಲೆ ಮೇಜು ಒರೆಸುವ ಬಟ್ಟೆಯೂ ಹಾಗೇ ಇತ್ತು. ಯಜಮಾನರು ಏನೆಂದರು ಎಂದು ಶಂಕ್ರೆಪ್ಪ ಕೇಳುತ್ತಿದ್ದಂತೆಯೇ ಅವನು ಮೈದಾನದ ಮೂಲೆಯ ನಲ್ಲಿಯಲ್ಲಿ ಕೈ ತೊಳೆದು ಬಂದು, ಗೆರೆಯ ಆಚೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈ ಒಡ್ಡಿದ. ಶಂಕ್ರೆಪ್ಪ ದಾರ ಬಿಚ್ಚಿ ಕರಡಿಗೆಯನ್ನು ಅದರಲ್ಲಿ ಇಟ್ಟ. ಸಾವಂತ ಇದೇನಿದು ಎಂಬಂತೆ ನೋಡಿದ.

ಆಟ ಮುಗಿಯಲು ಬಂದಾಗ, ಎಲ್ಲರೂ ಹೆದರಿದ್ದ ಗಳಿಗೆ ಬಂತು. ಗೋಲಿನ ಮುಂದಿನ ನೂಕಾಟದಲ್ಲಿ ವಡಾಲದ ಒಬ್ಬನ ಕೈಗೆ ಚೆಂಡು ತಗಲಿತು. ರೆಫರಿ ಸೀಟಿ ಊದಿ ಪೆನಾಲ್ಟಿಯ ಜಾಗಕ್ಕೆ ಕೈ ತೋರಿಸಿದ. ಸಾವಂತ ಆಕಾಶ ನೋಡಿದ. ಕಾಂದಿವಲಿಯವರಲ್ಲಿ ಆಗಲೇ ನಗು ಹುಟ್ಟಿತ್ತು. ಒದೆಯಲು ಬಂದವನು ತಾನು ಎಲ್ಲಿಗೆ ಒದೆಯುತ್ತೇನೆ ಎಂಬುದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಶಂಕ್ರೆಪ್ಪನ ಎಡಗಡೆಯನ್ನು ನೇರವಾಗಿ ನೋಡುತ್ತಲೇ ಚೆಂಡು ಇಟ್ಟ.

ಶಂಕ್ರೆಪ್ಪ ಗೆರೆಯ ಮೇಲೆ ನಿಂತ. ಅವನ ಎಡಗೈ ಅಭ್ಯಾಸದಂತೆ ಪಕ್ಕೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಒಂದು ಕ್ಷಣ ಅವನಿಗೆ ಉಸಿರು ಕಟ್ಟಿತು. ತಾರು ಬಂದ ದಿನ ಹೀಗೆಯೇ ಆಗಿತ್ತು. ಗೆರೆಯ ಆಚೆ ನೋಡಿದ. ಕೊರಗಪ್ಪ ತಲೆ ತಗ್ಗಿಸಿ ಕೂತಿದ್ದ, ಎರಡು ಅಂಗೈ ಮುಚ್ಚಿದ್ದವು. ಕೈ ಪಕ್ಕೆಯಿಂದ ಕೆಳಗಿಳಿಯಿತು. ಒದ್ದವನ ಕಾಲು ಚೆಂಡಿಗೆ ತಾಗಿದ ಸದ್ದು ಕೇಳಿದ್ದೇ, ಶಂಕ್ರೆಪ್ಪ ತನ್ನ ಇಡೀ ಮೈಯನ್ನು ಎಡಕ್ಕೆ ಎಸೆದ.

ಚೆಂಡು ಅಂಗೈಗೆ ಬಡಿದು, ಕಂಬಕ್ಕೆ ತಗಲಿ, ಹೊರಗೆ ಹೋಯಿತು. ಅವನು ಎಡಪಕ್ಕೆಯ ಮೇಲೆ, ನೆಲಕ್ಕೆ ಕಚ್ಚಿಕೊಂಡು ಬಿದ್ದಿದ್ದ. ಮೊದಲ ಬಾರಿಗೆ ಹತ್ತು ಜನ ಅವನಿದ್ದಲ್ಲಿಗೆ ಓಡಿ ಬಂದರು. ಶಂಕರ್, ಶಂಕರ್ ಎಂದು ಕೂಗುತ್ತ ಅವನ ಮೇಲೆ ಬಿದ್ದರು. ಸ್ವಲ್ಪ ಹೊತ್ತಿನಲ್ಲಿ ಕೊನೆಯ ಸೀಟಿಯೂ ಆಯಿತು. ಸಾವಂತ ಅವನ ಕೊರಳು ತಬ್ಬಿ, ಕಲ್ಯಾಣದ ಹುಡುಗ ಕಲ್ಯಾಣದಲ್ಲೇ ಇರಲಿ ಎಂದ. ಶೀಲ್ಡು ಎತ್ತಿಕೊಂಡು ಎಲ್ಲರೂ ಇರಾನಿ ಹೋಟೆಲಿಗೆ ಹೊರಟರು. ಶಂಕರ್ ಚಲೋ ಎಂದರು. ಬರುತ್ತೇನೆ, ನೀವು ನಡೆಯಿರಿ ಎಂದ. ಅವರು ನಿಲ್ಲಲಿಲ್ಲ.

ಮೈದಾನ ಬರಿದಾಗುತ್ತ ಬಂದಿತ್ತು. ಕೊರಗಪ್ಪ ಕೂತಲ್ಲೇ ಕೂತಿದ್ದ. ಸುತ್ತ ಅಷ್ಟು ಜನ ಚಪ್ಪಾಳೆ ತಟ್ಟಿ ಹೋಗಿದ್ದರು. ಎರಡು ಕೈಯೂ ತುಂಬಿದ್ದವನು ಅವನೊಬ್ಬನೇ. ಶಂಕ್ರೆಪ್ಪ ಬಂದು ಎದುರಿಗೆ ನಿಂತಾಗ ಮೆಲ್ಲಗೆ ಅಂಗೈ ಬಿಚ್ಚಿದ. ಕರಡಿಗೆ ಬೆವರಿನಿಂದ ಒದ್ದೆಯಾಗಿತ್ತು. ಹಳೆಯ ನೆಗ್ಗು ಬಿಟ್ಟರೆ ಬೇರೆ ಏನೂ ಆಗಿರಲಿಲ್ಲ.

"ಹಿಡಿದಿರಾ?" ಎಂದು ಕೇಳಿದ ಕೊರಗಪ್ಪ.

"ನೀವು ನೋಡಲಿಲ್ಲೇನ್ರಿ?"

"ಎಲ್ಲಿ ನೋಡುವುದು. ಜನ ಎಲ್ಲ ಎದ್ದು ನಿಂತರು. ಮೈಮೇಲೆ ಬಿದ್ದಾರು ಅಂತ ನಾನು ಇದರ ಮೇಲೆ ಬಗ್ಗಿ ಕೂತೆ. ಯಾವ ಕಡೆಗೆ ಒದ್ದ ಅಂತಲೂ ಗೊತ್ತಾಗಲಿಲ್ಲ."

ಅಷ್ಟು ದಿನ ಬಿಸಿಲಲ್ಲಿ ಒದ್ದು ಒದ್ದು ಕಲಿಸಿದವನು ಆ ಒಂದನ್ನು ಮಾತ್ರ ನೋಡಲಿಲ್ಲ. ಶಂಕ್ರೆಪ್ಪ ಕೊರಗಪ್ಪನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತ. ಕರಡಿಗೆಯನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅವನ ಕೈಯಲ್ಲೇ ಇರಲಿ ಎನ್ನಿಸಿತು.

"ಎಡಕ್ಕರಿ," ಎಂದ.